ದವಡೆ ಹಲ್ಲಿಗೆ ಇಂಪ್ಲಾಂಟ್: 32 ದಿನದ ರಜೆಯಲ್ಲಿ ಆಗುತ್ತಾ?

ಕಾಪು ಲೈಟ್‌ಹೌಸ್

ಎಲ್ಲರಿಗೂ ನಮಸ್ಕಾರ. ನಾನು ಕುವೈತ್‌ನಲ್ಲಿ ಕೆಲಸಕ್ಕಿರುವವ, ಮನೆ ಕಾಪು ಹತ್ತಿರ. ಕೆಳಗಿನ ಎಡಗಡೆಯ ದವಡೆ ಹಲ್ಲು ಒಂದು ಹೋಗಿದೆ. ಏಳೆಂಟು ವರ್ಷದ ಹಿಂದೆ ಅದಕ್ಕೆ ರೂಟ್ ಕೆನಾಲ್ ಆಗಿತ್ತು. ಕ್ಯಾಪ್ ಹಾಕಿಸಿ ಅಂದಿದ್ದರು. ನೋವೇ ಇಲ್ಲವಲ್ಲ, ಕ್ಯಾಪ್ ಯಾಕೆ ಅಂತ ಬಿಟ್ಟೆ. ಕಳೆದ ಮಳೆಗಾಲದಲ್ಲಿ ಅಮ್ಮ ಯಾರದೋ ಕೈಯಲ್ಲಿ ಸಾಂತಾಣಿ ಕಳಿಸಿದ್ದರು. ಬಾಯಿಗೆ ಹಾಕಿ ಕಚ್ಚಿದ್ದೇ ಟಕ್ ಅಂತ ಶಬ್ದ. ಸಾಂತಾಣಿ ಒಡೆಯಿತು ಅಂತ ಖುಷಿಪಟ್ಟೆ. ಒಡೆದದ್ದು ಹಲ್ಲು. ಬೇರಿನವರೆಗೆ ಸೀಳಿದೆ, ಉಳಿಸಲಿಕ್ಕೆ ಆಗುವುದಿಲ್ಲ ಅಂತ ಅಲ್ಲೇ ಕಿತ್ತರು.

(ಘಟ್ಟದ ಮೇಲಿನವರಿಗೆ: ಸಾಂತಾಣಿ ಅಂದರೆ ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿಟ್ಟ ಹಲಸಿನ ಬೀಜ. ಆಟಿ ತಿಂಗಳ ಮಳೆಗೆ ಬಾಯಲ್ಲಿ ಹಾಕಿಕೊಂಡು ಕೂತರೆ ಒಂದು ಬೀಜ ಕಾಲು ಗಂಟೆ ಬರುತ್ತದೆ.)

ಈಗ ರಜೆಯಲ್ಲಿ ಊರಿಗೆ ಬಂದಿದ್ದೇನೆ, ಒಟ್ಟು 32 ದಿನ. ಮೂರು ಕಡೆ ಕೇಳಿದೆ. ಒಬ್ಬರು, ಇಂಪ್ಲಾಂಟಿನ ಸ್ಕ್ರೂ ಈ ಸಲ ಎಲುಬಿಗೆ ಹಾಕುತ್ತೇನೆ, ಹಲ್ಲು ಮುಂದಿನ ರಜೆಗೆ, ಒಟ್ಟು 28 ಸಾವಿರ ಅಂದರು. ಇನ್ನೊಂದು ಕಡೆ ಮೂರೇ ದಿನದಲ್ಲಿ ಹಲ್ಲು ಸಮೇತ ಕಳಿಸುತ್ತೇವೆ, 45 ಸಾವಿರ. ಮೂರನೆಯವರು ಇಂಪ್ಲಾಂಟ್ ಎಲ್ಲ ಬೇಡ, ಅಕ್ಕಪಕ್ಕದ ಹಲ್ಲಿಗೆ ಹಿಡಿಸಿ ಬ್ರಿಡ್ಜ್ ಹಾಕುವ, 15 ಸಾವಿರ ಅಂದರು. ಮೂವರೂ ಡಾಕ್ಟ್ರೇ. ಯಾರನ್ನು ನಂಬುವುದು? ನನಗೆ 41 ವರ್ಷ, ಬಿಪಿ ಶುಗರ್ ಇಲ್ಲ.

ಗೋಳಿಬಜೆ ಗಿರಾಕಿ

ಮೂರು ದಿನದ್ದು ಬಿಡಿ ಮಾರಾಯ್ರೆ. ನಾನೂ ಗಲ್ಫಿನವನೇ, ಶಾರ್ಜಾ. ಎರಡು ರಜೆಯಲ್ಲಿ ಮಾಡಿಸಿದ್ದು, ನಾಲ್ಕು ವರ್ಷ ಆಯಿತು, ಕಲ್ಲಿನ ಹಾಗೆ ಇದೆ. ಸ್ಕ್ರೂ ಹಾಕುವಾಗ ನೋವು ಹಲ್ಲು ಕೀಳುವಾಗಿನಷ್ಟೂ ಇಲ್ಲ. ಮರಗಟ್ಟಿಸಿದ ಮೇಲೆ ಬರೀ ಗರ್‌ರ್ ಅನ್ನುವ ಶಬ್ದ, ಬಾಯಿ ತುಂಬ ತಣ್ಣಗಿನ ನೀರು. ಮರುದಿನ ಸ್ವಲ್ಪ ಊದಿತ್ತು. ಐಸ್ ಇಟ್ಟೆ, ಗಂಜಿ ಉಂಡೆ, ಮೂರನೇ ದಿನ ತಂಗಿಯ ಮನೆಗೆ ಹೋದೆ.

ಒಂದು ವಿಷಯ ಮಾತ್ರ ತಪ್ಪಿದೆ. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಡ್ಯೂಟಿ.

ಕುಂದಾಪ್ರ ಮಾಣಿ

ಎಂತಕ್ ಮರ್ರೆ ಅಷ್ಟ್ ದುಡ್ಡ್ ಸುರೂದ್? ನನ್ನ ಬ್ರಿಡ್ಜ್‌ಗೆ 11 ವರ್ಷ. ಇವತ್ತಿಗೂ ಅದರಲ್ಲೇ ಚಕ್ಕುಲಿ ತಿನ್ನುತ್ತೇನೆ. ಒಂದು ವಾರದಲ್ಲಿ ಕೆಲಸ ಮುಗಿದಿತ್ತು. ಎಲುಬಿಗೆ ಡ್ರಿಲ್ ಹೊಡೆಸಿಕೊಂಡು ಆರು ತಿಂಗಳು ಕಾಯುವುದೆಲ್ಲ ದುಡ್ಡು ಜಾಸ್ತಿ ಇದ್ದವರ ಹವ್ಯಾಸ.

ಬಾಯಿ ತೆರೆಯಿರಿ

ನಾನು ಹಲ್ಲಿನ ಡಾಕ್ಟರು, ಮಂಗಳೂರಿನಲ್ಲಿ. ಹೆಸರು, ಕ್ಲಿನಿಕ್ ಹೇಳುವುದಿಲ್ಲ, ಗಿರಾಕಿ ಹಿಡಿಯಲಿಕ್ಕೆ ಬಂದದ್ದು ಅಂತ ಆಗಬಾರದು. ಬಾಯಿ ನೋಡದೆ ಇಂಥದ್ದೇ ಮಾಡಿಸಿ ಅಂತಲೂ ಹೇಳುವುದಿಲ್ಲ. ಆದರೆ ಮೂರು ಡಾಕ್ಟರು ಮೂರು ಮಾತು ಯಾಕೆ ಹೇಳಿದರು ಅಂತ ಬಿಡಿಸಿ ಹೇಳಬಹುದು.

ಮೊದಲು ಮಾಣಿಯವರ ಬ್ರಿಡ್ಜ್. ಬ್ರಿಡ್ಜ್ ಕೆಟ್ಟದ್ದಲ್ಲ. ಇಲ್ಲದ ಹಲ್ಲಿನ ಭಾರವನ್ನು ಆಚೀಚಿನ ಎರಡು ಹಲ್ಲು ಹೊರಬೇಕು. ಅದಕ್ಕಾಗಿ ಆ ಎರಡನ್ನೂ ಸುತ್ತಲೂ ಅರೆದು ಸಣ್ಣ ಮಾಡಬೇಕು. ಅವುಗಳಿಗೆ ಮೊದಲೇ ದೊಡ್ಡ ಫಿಲ್ಲಿಂಗ್ ಇದ್ದರೆ, ಹೇಗೂ ಕ್ಯಾಪ್ ಬೇಕಿದ್ದರೆ, ನಾನೇ ಬ್ರಿಡ್ಜ್ ಹಾಕಿ ಅನ್ನುತ್ತೇನೆ. ಆದರೆ ಎರಡೂ ಹುಳುಕಿಲ್ಲದ ಗಟ್ಟಿ ಹಲ್ಲಾದರೆ ಅರೆಯಲಿಕ್ಕೆ ಮನಸ್ಸು ಬರುವುದಿಲ್ಲ. ಅರೆದದ್ದು ಮತ್ತೆ ಬರುವುದಿಲ್ಲ. ಬ್ರಿಡ್ಜ್ ಅಡಿಯಲ್ಲಿ ಹುಳುಕು ಸೇರಿದರೆ ಹೊರಗೆ ಕಾಣುವುದೂ ಇಲ್ಲ.

ಈಗ ಆ ಮೂರು ದಿನ. ಇಂಪ್ಲಾಂಟ್ ಅಂದರೆ ಹಲ್ಲಲ್ಲ, ಹಲ್ಲಿನ ಬೇರು. ಟೈಟಾನಿಯಮ್ಮಿನ ಒಂದು ಸ್ಕ್ರೂ, ಹೆಚ್ಚುಕಡಿಮೆ 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದ. ಅದರ ಮೇಲೊಂದು ಸಣ್ಣ ಕಂಬ ಕೂರುತ್ತದೆ, ನಾವು ಅಬಟ್‌ಮೆಂಟ್ ಅನ್ನುತ್ತೇವೆ. ಕಂಬದ ಮೇಲೆ ಕ್ಯಾಪ್. ಕನ್ನಡಿಯಲ್ಲಿ ನಿಮಗೆ ಕಾಣುವುದು ಕ್ಯಾಪ್ ಮಾತ್ರ. ಸ್ಕ್ರೂ ಹಾಕಿದ ದಿನ ಎಲುಬು ಅದನ್ನು ಬರೀ ಬಿಗಿಯಾಗಿ ಹಿಡಿದಿರುತ್ತದೆ, ಮರಕ್ಕೆ ಹೊಡೆದ ಮೊಳೆಯ ಹಾಗೆ. ಆಮೇಲಿನ ಕೆಲವು ವಾರ ಆ ಬಿಗಿತ ಸ್ವಲ್ಪ ಸಡಿಲವೂ ಆಗುತ್ತದೆ, ಯಾಕೆಂದರೆ ಹಳೇ ಎಲುಬು ಕರಗಿ ಹೊಸತು ಬೆಳೆಯುತ್ತಿರುತ್ತದೆ. ಹೊಸತು ಬಂದು ಟೈಟಾನಿಯಮ್ಮಿಗೆ ಅಂಟಿಕೊಂಡ ಮೇಲೆಯೇ ಅದು ನಿಮ್ಮದು. ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು. ಮೇಲಿನ ಎಲುಬು ಮೆದು, ಅಲ್ಲಿ ನಾಲ್ಕರಿಂದ ಆರು. ಆ ಸಮಯದಲ್ಲಿ ಒಂದೆರಡು ಕೂದಲೆಳೆಯ ದಪ್ಪದಷ್ಟು ಅಲುಗುತ್ತಾ ಇದ್ದರೂ ಎಲುಬಿನ ಬದಲು ನಾರು ಬೆಳೆಯುತ್ತದೆ. ನಾರು ಬೆಳೆದರೆ ಸ್ಕ್ರೂ ಕೈಗೆ ಬರುತ್ತದೆ.

ಗಲ್ಫಿನವರೆಲ್ಲ ಮನೆ ಕಟ್ಟಿಸಿದವರೇ ಅಲ್ವಾ? ತಾರಸಿ ಹಾಕಿದ ಮೂರನೇ ದಿನ ಸೆಂಟ್ರಿಂಗ್ ಬಿಚ್ಚುತ್ತೀರಾ?

ಮೂರು ದಿನದಲ್ಲಿ ಹಲ್ಲು ಕೂರಿಸುವ ಪದ್ಧತಿ ಇದೆ, ಸುಳ್ಳಲ್ಲ. ನಾಲ್ಕಾರು ಇಂಪ್ಲಾಂಟ್ ಹಾಕಿ ಒಂದಕ್ಕೊಂದು ಕಟ್ಟಿದರೆ ಭಾರ ಹಂಚಿಹೋಗುತ್ತದೆ. ಎದುರು ಹಲ್ಲಿಗೂ ಕೆಲವೊಮ್ಮೆ ಅದೇ ದಿನ ತಾತ್ಕಾಲಿಕ ಹಲ್ಲು ಕೂರಿಸುತ್ತೇವೆ, ಕಚ್ಚುವಾಗ ಅದರ ಜೋಡಿ ಹಲ್ಲು ತಾಗದ ಹಾಗೆ ಮಾಡಿ. ಒಂಟಿ ದವಡೆ ಹಲ್ಲು, ಅದೂ ಸಾಂತಾಣಿ ಕಚ್ಚುವವರದ್ದು, ನಾನಾದರೆ ಮಾಡುವುದಿಲ್ಲ.

ಕಾಪು ಲೈಟ್‌ಹೌಸ್

ಡಾಕ್ಟ್ರೇ, ತುಂಬ ಉಪಕಾರ. ಪಕ್ಕದ ಎರಡೂ ಹಲ್ಲು ಚೆನ್ನಾಗಿವೆ ಅಂತ ಬ್ರಿಡ್ಜ್ ಅಂದವರೇ ಹೇಳಿದ್ದರು! ಇನ್ನೆರಡು ಪ್ರಶ್ನೆ. ಹಾಗೇ ಖಾಲಿ ಬಿಟ್ಟರೆ ಎಂತ ಆಗುತ್ತದೆ? ನನ್ನ ಹೆಂಡತಿಯ ಪ್ರಶ್ನೆ: ಏರ್‌ಪೋರ್ಟಿನಲ್ಲಿ ಮೆಷಿನ್ ಕೂಗುತ್ತಾ?

ಬಾಯಿ ತೆರೆಯಿರಿ

ಕೂಗುವುದಿಲ್ಲ ಅಂತ ಹೇಳಿ. ಟೈಟಾನಿಯಮ್ ಅಯಸ್ಕಾಂತಕ್ಕೆ ಎಳೆಯುವುದಿಲ್ಲ, ಎಮ್ಆರ್‌ಐ ಮಾಡಿಸಲಿಕ್ಕೂ ತೊಂದರೆ ಇಲ್ಲ. ಸ್ಕ್ಯಾನ್ ತೆಗೆಯುವವರಿಗೆ ಮೊದಲೇ ಹೇಳಿದರಾಯಿತು.

ಖಾಲಿ ಬಿಟ್ಟರೆ ಹಿಂದಿನ ಹಲ್ಲು ನಿಧಾನಕ್ಕೆ ಮುಂದಕ್ಕೆ ವಾಲುತ್ತದೆ. ಮೇಲಿನದ್ದು ಜೋಡಿ ಇಲ್ಲದೆ ಕೆಳಗೆ ಇಳಿಯುತ್ತದೆ. ಹಲ್ಲು ಇಲ್ಲದ ಜಾಗದ ಎಲುಬು ಸವೆಯುತ್ತದೆ, ಮೊದಲ ಒಂದು ವರ್ಷದಲ್ಲೇ ಹೆಚ್ಚು. ಹಾಗಂತ ಹೋದ ಹಲ್ಲಿಗೆಲ್ಲ ಹಲ್ಲು ಹಾಕಲೇಬೇಕು ಅಂತಿಲ್ಲ. ಬುದ್ಧಿಹಲ್ಲಿಗೆ ಯಾರೂ ಹಾಕುವುದಿಲ್ಲ. ಅದರ ಮುಂಚಿನದ್ದು ಹೋದರೂ ಎಷ್ಟೋ ಜನ ಹಾಗೇ ಆರಾಮಾಗಿ ಇರುತ್ತಾರೆ. ನಿಮ್ಮದು ಒಡೆದದ್ದು ಆರನೇ ವರ್ಷಕ್ಕೆ ಬರುವ ಮೊದಲ ದವಡೆ ಹಲ್ಲಿರಬೇಕು. ಅಗಿಯುವ ಕೆಲಸ ಹೆಚ್ಚು ಅದರದ್ದೇ. ಅದು ಬೇಕು.

ಇನ್ನೊಂದು ಮಾತು: ನಿಮ್ಮ ಮೂರೂ ಕಡೆ ಸಿಬಿಸಿಟಿ, ಅಂದರೆ ದವಡೆಯ 3ಡಿ ಸ್ಕ್ಯಾನ್, ಮಾಡಿಸಿದರಾ? ಇಡೀ ಬಾಯಿಯ ಒಪಿಜಿ ಎಕ್ಸ್‌ರೇ ಚಪ್ಪಟೆ ಚಿತ್ರ, ಎಲುಬಿನ ಎತ್ತರ ಗೊತ್ತಾಗುತ್ತದೆ, ಅಗಲ ಗೊತ್ತಾಗುವುದಿಲ್ಲ. ಕೆಳದವಡೆಯ ಒಳಗೆ ತುಟಿಗೆ ಹೋಗುವ ನರ ಉಂಟು. ಸ್ಕ್ರೂ ಅದರಿಂದ ಕನಿಷ್ಠ 2 ಮಿಲಿಮೀಟರ್ ಮೇಲೆ ನಿಲ್ಲಬೇಕು. ತಾಗಿದರೆ ಕೆಳತುಟಿ, ಗದ್ದ ಮರಗಟ್ಟುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ.

ಕೊಟ್ಟಾರ ಚೌಕಿ

ಎಲ್ಲ ಒಳ್ಳೆಯದೇ ಬರೆಯುತ್ತಿದ್ದೀರಿ. ನನ್ನದು ಬಿದ್ದುಹೋಯಿತು, ಅದನ್ನೂ ಕೇಳಿ.

ಎರಡು ವರ್ಷದ ಹಿಂದೆ ಒಂದು ಕಡೆ ಹಾಕಿಸಿದೆ. ಎಲ್ಲಿ ಅಂತ ಬರೆಯುವುದಿಲ್ಲ. ಸಣ್ಣ ಎಕ್ಸ್‌ರೇ ಒಂದು ತೆಗೆದರು, ಅಷ್ಟೇ. ಶುಗರ್ ಉಂಟಾ ಕೇಳಿದರು, ಸ್ವಲ್ಪ ಅಂದೆ. ಆ ಸ್ವಲ್ಪ ಎಷ್ಟು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಿಗರೇಟ್ ಬಿಡಿ ಅಂದರು, ಹೂಂ ಅಂದೆ. ಎರಡೂವರೆ ತಿಂಗಳಿಗೆ ಊಟ ಮಾಡುವಾಗ ನಾಲಗೆಗೆ ಏನೋ ತಾಗಿತು. ಬೆರಳು ಹಾಕಿ ನೋಡಿದರೆ ಸ್ಕ್ರೂ ತಿರುಗುತ್ತಿದೆ. ನೋವಿಲ್ಲ, ರಕ್ತ ಇಲ್ಲ. ಮೀನಿನ ಮುಳ್ಳು ತೆಗೆದ ಹಾಗೆ ತೆಗೆದು ತಟ್ಟೆಯ ಬದಿಯಲ್ಲಿ ಇಟ್ಟೆ. ಎದುರಿಗೆ ಮಗಳು ಕೂತಿದ್ದಳು. ಅಪ್ಪ ಅದು ಎಂತ ಅಂದಳು. ಇಪ್ಪತ್ತೈದು ಸಾವಿರ ಅಂದೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ನಿಮ್ಮ ಸಿಗರೇಟಿನಿಂದ ಆದದ್ದು ಅಂದರು. ಇರಬಹುದು. ಆದರೆ ಹಾಕುವ ಮೊದಲು ಒಂದು ರಕ್ತಪರೀಕ್ಷೆಗೆ ಬರೆಯಬಹುದಿತ್ತಲ್ಲ? ಆಮೇಲೆ ಮಾಡಿಸಿದಾಗ ನನ್ನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 9.4 ಇತ್ತು.

ಬಾಯಿ ತೆರೆಯಿರಿ

ನಿಮ್ಮ ಸಿಟ್ಟು ಸರಿ ಇದೆ. ಆ ಪರೀಕ್ಷೆ ಮೊದಲೇ ಆಗಬೇಕಿತ್ತು. ಮೂರು ತಿಂಗಳ ಶುಗರ್ ಹಿಡಿತದಲ್ಲಿದ್ದರೆ ಇಂಪ್ಲಾಂಟ್ ಹಾಕಬಹುದು. 9 ದಾಟಿದವರಿಗೆ ಮೊದಲು ಶುಗರ್ ಇಳಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಬೇಕು. ಸಿಗರೇಟ್, ಬೀಡಿ ವಸಡಿಗೆ ರಕ್ತ ಹೋಗುವುದನ್ನೇ ಕಡಿಮೆ ಮಾಡುತ್ತವೆ, ಗಾಯ ಹೇಗೆ ಮಾಗಬೇಕು?

ನಮ್ಮ ಕಡೆ ಇನ್ನೊಂದು ಇದೆ, ಅಡಿಕೆ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿಯೇ ಪೂರ್ತಿ ತೆರೆಯುವುದಿಲ್ಲ. ಹಿಂದಿನ ಹಲ್ಲಿಗೆ ಡ್ರಿಲ್ ಹೋಗಲಿಕ್ಕೆ ಜಾಗವೇ ಇರುವುದಿಲ್ಲ. ಅಂಥವರಿಗೆ ಇಂಪ್ಲಾಂಟ್ ಆಮೇಲಿನ ಮಾತು, ಮೊದಲು ಬಾಯಿಯ ಪರೀಕ್ಷೆ ಆಗಬೇಕು. ಅದು ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಉಂಟು.

ಕೊಟ್ಟಾರ ಚೌಕಿ

ಪೂರ್ತಿ ಹೇಳುತ್ತೇನೆ. ಒಂದು ವರ್ಷ ಬಿಟ್ಟು ಮತ್ತೆ ಹಾಕಿಸಿದೆ, ಈ ಸಲ ಡೆಂಟಲ್ ಕಾಲೇಜಿನಲ್ಲಿ. ಎಚ್‌ಬಿಎ1ಸಿ 6.8ಕ್ಕೆ ಬಂದ ಮೇಲೆಯೇ ತಾರೀಕು ಕೊಟ್ಟರು. ಸ್ಕ್ಯಾನ್ ಮಾಡಿದಾಗ ಎಲುಬು ಕಡಿಮೆ ಇತ್ತು, ಎಲುಬು ಬೆಳೆಯಲಿಕ್ಕೆ ಪುಡಿ ತುಂಬಿಸಿ ಮತ್ತೆ ಕಾಯಿಸಿದರು. ಎಲ್ಲ ಸೇರಿ ಹತ್ತು ತಿಂಗಳು. ಕಲಿಯುವ ಮಕ್ಕಳು ಮಾಡುವುದು, ಹಿಂದೆ ಪ್ರೊಫೆಸರ್ ನಿಂತಿರುತ್ತಾರೆ. ಗಂಟೆಗಟ್ಟಲೆ ಬಾಯಿ ತೆರೆದು ಕೂರಬೇಕು. ಖರ್ಚು ಮಾತ್ರ ಕಡಿಮೆ, ಅವಸರವೂ ಇಲ್ಲ. ಮಣಿಪಾಲ, ಲೈಟ್‌ಹೌಸ್ ಹಿಲ್, ದೇರಳಕಟ್ಟೆ, ಕುಂಟಿಕಾನ ಅಂತ ನಮ್ಮಲ್ಲಿ ಕಾಲೇಜಿಗೆ ಬರ ಇಲ್ಲ. ಸಮಯ ಇದ್ದವರು ಅಲ್ಲಿಗೆ ಹೋಗಿ.

ಸ್ಯಾಕ್ಸ್ ಸೆಟ್

ನನ್ನದು ಎದುರು ಹಲ್ಲಿನ ಕಥೆ. ನಾನು ಮದುವೆ, ಕೋಲ, ಉತ್ಸವಕ್ಕೆ ಸ್ಯಾಕ್ಸೋಫೋನ್ ಊದುವವನು. ಬೈಕಿನಿಂದ ಬಿದ್ದು ಮೇಲಿನ ಎದುರು ಹಲ್ಲು ಒಂದು ಹೋಯಿತು. ಬೇರೆಯವರಿಗೆ ಅದು ನಗುವಿನ ಪ್ರಶ್ನೆ, ನನಗೆ ಅನ್ನದ್ದು. ಮೇಲಿನ ಎದುರು ಹಲ್ಲು ಮೌತ್‌ಪೀಸಿನ ಬೆನ್ನ ಮೇಲೆ ಕೂರಬೇಕು. ಕೆಳತುಟಿ ಮಡಚಿ ರೀಡ್ ಹಿಡಿಯಬೇಕು. ಹಲ್ಲಿಲ್ಲದೆ ಮೌತ್‌ಪೀಸ್ ಬಾಯಲ್ಲಿ ಜಾರುತ್ತದೆ, ಸ್ವರ ಎಲ್ಲೋ ಹೋಗುತ್ತದೆ. ತೆಗೆದು ಹಾಕುವ ಹಲ್ಲು ಮಾಡಿಸಿದೆ. ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಅದು ಸಡಿಲವಾಗಿ ಮೌತ್‌ಪೀಸಿನ ಜೊತೆಗೇ ಹೊರಗೆ ಬಂತು. ಡೋಲಿನವ ಒಬ್ಬನೇ ನೋಡಿದ್ದು, ಇವತ್ತಿಗೂ ನೆನಪಿಸಿ ನಗುತ್ತಾನೆ.

ಇಂಪ್ಲಾಂಟಿಗೆ ಐದು ತಿಂಗಳು ಬೇಕು ಅಂದಾಗ ನಾನು ಲೆಕ್ಕ ಹಾಕಿದ್ದು ಹೀಗೆ. ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಕೋಲ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತದೆ. ದೀಪಾವಳಿ ಹೊತ್ತಿಗೆ ಮತ್ತೆ ಶುರು. ನಡುವೆ ಮಳೆ, ನಮಗೆ ಕೆಲಸ ಕಡಿಮೆ. ಪತ್ತನಾಜೆ ಕಳೆದ ವಾರವೇ ಸ್ಕ್ರೂ ಹಾಕಿಸಿದೆ. ಮಳೆಗಾಲ ಪೂರ್ತಿ ಮೌತ್‌ಪೀಸ್ ಮುಟ್ಟಲಿಲ್ಲ. ದೀಪಾವಳಿಗೆ ಹಲ್ಲು ಬಂತು.

ಒಂದು ವ್ಯತ್ಯಾಸ ಹೇಳಲೇಬೇಕು. ಸ್ವಂತ ಹಲ್ಲಿದ್ದಾಗ ಊದುವಾಗಿನ ನಡುಕ ಬೇರಿನವರೆಗೆ ಗೊತ್ತಾಗುತ್ತಿತ್ತು. ಇದರಲ್ಲಿ ಮಂದ. ಗೋಡೆಯಾಚೆ ಯಾರೋ ಬಾರಿಸಿದ ಹಾಗೆ. ಒಂದು ತಿಂಗಳು ಕಿರಿಕಿರಿ ಆಯಿತು, ಈಗ ಪಕ್ಕದ ಹಲ್ಲಿನ ಲೆಕ್ಕದಲ್ಲಿ ಊದುತ್ತೇನೆ.

ಬಾಯಿ ತೆರೆಯಿರಿ

ಇದನ್ನು ನಾನು ಪೇಷಂಟುಗಳಿಗೆ ಹೇಳಿ ಅರ್ಥ ಮಾಡಿಸಲಿಕ್ಕೆ ಒದ್ದಾಡುತ್ತೇನೆ, ನೀವು ಒಂದೇ ಮಾತಲ್ಲಿ ಹೇಳಿದಿರಿ! ಸ್ವಂತ ಹಲ್ಲಿಗೂ ಎಲುಬಿಗೂ ನಡುವೆ ತೆಳು ನಾರಿನ ಹಾಸು ಇರುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕಿದರೆ ತಟ್ಟನೆ ಗೊತ್ತಾಗುವುದು ಅದರಿಂದ. ಇಂಪ್ಲಾಂಟಿಗೆ ಆ ಹಾಸು ಇಲ್ಲ. ಹಾಗಾಗಿ ಎಷ್ಟು ಜೋರಾಗಿ ಕಚ್ಚುತ್ತಿದ್ದೇವೆ ಅಂತ ಸರಿಯಾಗಿ ತಿಳಿಯುವುದಿಲ್ಲ. ಹುಳುಕು ಹಿಡಿಯುವುದಿಲ್ಲ ಅನ್ನುವುದು ನಿಜ. ಆದರೆ ಸುತ್ತಲಿನ ವಸಡಿನಲ್ಲಿ ಕೀವಾಗಿ ಎಲುಬು ಕರಗಬಹುದು. ನೋವು ಬರುವಾಗ ತಡವಾಗಿರುತ್ತದೆ. ಸಣ್ಣ ಬಾಟಲಿ ಬ್ರಷ್‌ನಂಥದ್ದು ಸಿಗುತ್ತದೆ, ಸಂದಿಗೆ ಹಾಕಿ ದಿನಾ ಉಜ್ಜಬೇಕು.

ನಿವೃತ್ತ ಟೀಚರ್

ನಾನು ಬಿಜೈಯವಳು, 71 ವರ್ಷ. ಮಕ್ಕಳು ನನಗೂ ಇಂಪ್ಲಾಂಟ್ ಮಾಡಿಸುವ ಅಂತ ಹಟ ಹಿಡಿದಿದ್ದರು. ಡಾಕ್ಟರು ಯಾವ ಮದ್ದು ತೆಗೆದುಕೊಳ್ಳುತ್ತೀರಿ ಅಂತ ಕೇಳಿದಾಗ ಬಿಪಿ ಮಾತ್ರೆ ಒಂದನ್ನೇ ಹೇಳಿದೆ. ಎಲುಬು ಸವೆತಕ್ಕೆ ವರ್ಷಕ್ಕೊಮ್ಮೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದು ಮಾತ್ರೆ ಅಲ್ಲವಲ್ಲ, ಹೇಳಲಿಲ್ಲ. ಹೊರಡುವಾಗ ಮಗಳು ಹೇಳಿದಳು. ಡಾಕ್ಟರು ಪೆನ್ ಕೆಳಗಿಟ್ಟು ಮತ್ತೆ ಕೂರಿಸಿದರು. ಆ ಮದ್ದು ತೆಗೆದುಕೊಳ್ಳುವವರಿಗೆ ಹಲ್ಲು ಕಿತ್ತ ಜಾಗ, ಕೊರೆದ ಜಾಗ ಕೆಲವೊಮ್ಮೆ ಮಾಗದೆ ಎಲುಬೇ ಸತ್ತುಹೋಗುತ್ತದಂತೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಗೊತ್ತಿರಬೇಕು ಅಂದರು. ನಾನು ಹಲ್ಲುಸೆಟ್ಟಿನಲ್ಲೇ ಇದ್ದೇನೆ. ಮೇಲಿನದ್ದು ಗಟ್ಟಿ, ಕೆಳಗಿನದ್ದು ಮಾತಾಡುವಾಗ ಕುಣಿಯುತ್ತದೆ. ಕೋರಿರೊಟ್ಟಿಗೇನೂ ತೊಂದರೆ ಇಲ್ಲ, ಸಾರಲ್ಲಿ ನೆನೆದ ಮೇಲೆ ಹಲ್ಲು ಯಾಕೆ?

ಬಾಯಿ ತೆರೆಯಿರಿ

ಟೀಚರೇ, ಕೆಳಗಿನ ಸೆಟ್ ಕುಣಿಯುವುದು ಎಲ್ಲರ ಮನೆಯ ಕಥೆ. ಅಲ್ಲಿ ಹಿಡಿದುಕೊಳ್ಳಲಿಕ್ಕೆ ಜಾಗ ಕಡಿಮೆ, ಮೇಲೆ ನಾಲಗೆಯ ಓಡಾಟ. ಇಂಜೆಕ್ಷನ್ ತೊಂದರೆ ಇಲ್ಲದ ಹಿರಿಯರಿಗೆ ಕೆಳದವಡೆಯ ಮುಂದೆ ಎರಡೇ ಇಂಪ್ಲಾಂಟ್ ಹಾಕಿ ಸೆಟ್ಟನ್ನು ಅಂಗಿಯ ಟಿಚ್ ಬಟನ್ ಹಾಗೆ ಒತ್ತಿ ಕೂರಿಸಬಹುದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಕೆಳಗೆ ಒಂದೂ ಹಲ್ಲಿಲ್ಲದವರಿಗೆ ಮೊದಲು ಯೋಚಿಸಬೇಕಾದದ್ದು ಇದನ್ನೇ ಅಂದಿದ್ದರು. ಬಾಯಿ ತುಂಬ ಸ್ಕ್ರೂ ಹಾಕಿಸಿಕೊಳ್ಳಬೇಕಾಗಿಲ್ಲ.

ಕುಂದಾಪ್ರ ಮಾಣಿ

ಡಾಕ್ಟ್ರೇ, ಗ್ಯಾರಂಟಿ ಎಷ್ಟು ವರ್ಷ? ಲೈಫ್‌ಟೈಮ್ ವಾರಂಟಿ ಅಂತ ಬೋರ್ಡ್ ನೋಡಿದ್ದೇನೆ. ಯಾರ ಲೈಫ್? ನಮ್ಮದಾ, ಅಂಗಡಿಯದಾ?

ಬಾಯಿ ತೆರೆಯಿರಿ

ಒಳ್ಳೇ ಪ್ರಶ್ನೆ. ಕಂಪನಿಯ ವಾರಂಟಿ ಸಾಮಾನ್ಯವಾಗಿ ಸ್ಕ್ರೂವಿಗೆ ಮಾತ್ರ. ಬಿದ್ದರೆ ಇನ್ನೊಂದು ಸ್ಕ್ರೂ ಕೊಡುತ್ತಾರೆ. ಮತ್ತೆ ಕೊರೆಯುವ ಕೆಲಸ, ಹೊಸ ಕ್ಯಾಪ್, ನಿಮ್ಮ ರಜೆ, ಇದಕ್ಕೆಲ್ಲ ವಾರಂಟಿ ಇಲ್ಲ. ಸರಿಯಾಗಿ ಹಾಕಿ, ಸರಿಯಾಗಿ ನೋಡಿಕೊಂಡರೆ 10 ವರ್ಷದ ನಂತರವೂ ನೂರರಲ್ಲಿ 90ಕ್ಕಿಂತ ಜಾಸ್ತಿ ಉಳಿದಿರುತ್ತವೆ. ಕ್ಯಾಪ್ ಮಾತ್ರ ನಡುವೆ ಬದಲಿಸಬೇಕಾಗಬಹುದು.

ಇದರ ಹುಟ್ಟು ಕೇಳಿದರೆ ನಿಮಗೆ ನಗು ಬರಬಹುದು. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವವರು ಎಲುಬಿನಲ್ಲಿ ರಕ್ತ ಹೇಗೆ ಓಡುತ್ತದೆ ಅಂತ ನೋಡಲಿಕ್ಕೆ ಮೊಲದ ಕಾಲಿನೊಳಗೆ ಟೈಟಾನಿಯಮ್ಮಿನ ಸಣ್ಣ ಕೊಳವೆ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಎಲುಬು ಅದನ್ನು ತನ್ನದೇ ಮಾಡಿಕೊಂಡಿತ್ತು. 1965ರಲ್ಲಿ ಮೊದಲ ಮನುಷ್ಯನ ಬಾಯಿಗೆ ಹಾಕಿದರು, ಗೋಸ್ಟಾ ಲಾರ್ಸನ್ ಅಂತ. ಆತ 2006ರಲ್ಲಿ ತೀರಿಕೊಳ್ಳುವವರೆಗೆ ಆ ಇಂಪ್ಲಾಂಟ್ ಬಾಯಲ್ಲಿತ್ತು. ನಮ್ಮ ಮಣಿಪಾಲದ ಡೆಂಟಲ್ ಕಾಲೇಜು ಶುರುವಾದದ್ದೂ ಅದೇ 1965ರಲ್ಲಿ. ಸುಮ್ನೆ ನೆನಪಾಯಿತು.

ಗೋಳಿಬಜೆ ಗಿರಾಕಿ

ಡ್ಯೂಟಿ ಮುಗಿಯಿತು. ಆಮೇಲೆ ಬರೆಯುತ್ತೇನೆ ಅಂದದ್ದು ಇದು.

ಹಲ್ಲು ಕೂರಿಸಿ ಎರಡು ವರ್ಷಕ್ಕೆ ಕ್ಯಾಪ್ ಸ್ವಲ್ಪ ಅಲುಗಲು ಶುರುವಾಯಿತು. ಶಾರ್ಜಾದಲ್ಲಿ ಒಬ್ಬರ ಹತ್ತಿರ ಹೋದೆ. ಇಂಪ್ಲಾಂಟ್ ಸರಿಯೇ ಇದೆ, ಮೇಲಿನ ಭಾಗ ಹಿಡಿದಿಡುವ ಒಳಗಿನ ಸಣ್ಣ ಸ್ಕ್ರೂ ಸಡಿಲವಾಗಿದೆ, ಬಿಗಿ ಮಾಡಿದರೆ ಮುಗಿಯಿತು ಅಂದರು. ಯಾವ ಕಂಪನಿ ಅಂತ ಕೇಳಿದರು. ನನಗೆ ಗೊತ್ತಿಲ್ಲ. ಬಿಲ್ಲಿನಲ್ಲಿ ಇಂಪ್ಲಾಂಟ್ 1 ಅಂತ ಮಾತ್ರ ಇತ್ತು. ಒಂದೊಂದು ಕಂಪನಿಯ ಸ್ಕ್ರೂವಿಗೆ ಒಂದೊಂದು ಡ್ರೈವರ್ ಅಂತೆ. ಸ್ವಿಸ್‌ನದ್ದು, ಕೊರಿಯಾದ್ದು, ಇಸ್ರೇಲಿನದ್ದು ಅಂತ ಹತ್ತಾರು ಉಂಟು. ಊರಿಗೆ ಫೋನ್ ಮಾಡಿದರೆ ಆ ಕ್ಲಿನಿಕ್ ಮುಚ್ಚಿತ್ತು. ಐದು ನಿಮಿಷದ ಕೆಲಸಕ್ಕೆ ಮೂರು ವಾರ ಒಂದೇ ಕಡೆ ಅಗಿದೆ. ಕೊನೆಗೆ ಎಕ್ಸ್‌ರೇಯಲ್ಲಿ ಆಕಾರ ನೋಡಿ ಕಂಪನಿ ಊಹಿಸಿ ಬಿಗಿ ಮಾಡಿದರು.

ಸ್ಕ್ರೂವಿನ ಪೆಟ್ಟಿಗೆಯಲ್ಲೇ ಸ್ಟಿಕ್ಕರ್ ಬರುತ್ತದೆ. ಕಂಪನಿ ಹೆಸರು, ಅಳತೆ, ಲಾಟ್ ನಂಬರ್. ಅದನ್ನು ಒಂದು ಕಾರ್ಡಿಗೆ ಅಂಟಿಸಿ ಕೊಡಿ ಅಂತ ಕೇಳಿ ತೆಗೆದುಕೊಳ್ಳಿ. ಕ್ಯಾಪ್ ಕೂಡ ಸ್ಕ್ರೂ ಹಾಕಿ ಕೂರಿಸುವಂಥದ್ದಾ, ಗಮ್ಮಿನದ್ದಾ ಕೇಳಿ. ಸ್ಕ್ರೂದ್ದಾದರೆ ಬೇಕಾದಾಗ ಬಿಚ್ಚಬಹುದು. ಇನ್ಶೂರೆನ್ಸ್ ನಂಬಬೇಡಿ. ಆಕ್ಸಿಡೆಂಟ್ ಆಗಿ ಆಸ್ಪತ್ರೆ ಸೇರಿದರೆ ಬೇರೆ, ಇಲ್ಲದಿದ್ದರೆ ನಮ್ಮ ಸಾಮಾನ್ಯ ಪಾಲಿಸಿಗಳು ಹಲ್ಲಿಗೆ ಕೊಡುವುದು ಕಡಿಮೆ.

ಕಾಪು ಲೈಟ್‌ಹೌಸ್

ಎಲ್ಲರಿಗೂ ಥ್ಯಾಂಕ್ಸ್. 28 ಸಾವಿರದವರ ಹತ್ತಿರವೇ ಹೋದೆ. ಸಿಬಿಸಿಟಿ ಮಾಡಿಸಿದರು. ನರಕ್ಕೂ ಸ್ಕ್ರೂವಿನ ತುದಿಗೂ ಎಷ್ಟು ಅಂತರ ಅಂತ ಕೇಳಿದ್ದಕ್ಕೆ ಡಾಕ್ಟರು ಒಮ್ಮೆ ನನ್ನ ಮುಖ ನೋಡಿ, ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸಿದರು. 3.1 ಮಿಲಿಮೀಟರ್. ರಜೆಯ ಆರನೇ ದಿನ ಸ್ಕ್ರೂ, ಹದಿನಾರನೇ ದಿನ ಹೊಲಿಗೆ ಬಿಚ್ಚಿದರು. ಸ್ಟಿಕ್ಕರ್ ಕೇಳಿ ತೆಗೆದುಕೊಂಡೆ, ಪಾಸ್‌ಪೋರ್ಟಿನ ಕವರಿನೊಳಗೆ ಇಟ್ಟಿದ್ದೇನೆ.

ಕಾಪು ಲೈಟ್‌ಹೌಸ್ (ಒಂಬತ್ತು ತಿಂಗಳ ನಂತರ)

ಹಳೇ ಚರ್ಚೆ ಮೇಲೆ ತರುತ್ತಿದ್ದೇನೆ, ಬೇಸರ ಮಾಡಬೇಡಿ. ಮೊನ್ನೆ ಎರಡನೇ ರಜೆಗೆ ಬಂದೆ. ವಸಡು ತೆರೆದು ಒಂದು ಬಿರಡೆಯಂಥದ್ದು ಹಾಕಿ ಎರಡು ವಾರ ಬಿಟ್ಟರು. ಆಮೇಲೆ ಅಳತೆ, ಎಂಟು ದಿನಕ್ಕೆ ಜಿರ್ಕೋನಿಯಾ ಕ್ಯಾಪ್. ಮೊದಲ ದಿನ ಬಾಯಲ್ಲಿ ಯಾರೋ ನೆಂಟರು ಬಂದು ಕೂತ ಹಾಗಿತ್ತು. ನಾಲಗೆ ಅಲ್ಲಿಗೇ ಹೋಗುತ್ತಿತ್ತು. ಈಗ ಮರೆತೇಹೋಗಿದೆ.

ನಿವೃತ್ತ ಟೀಚರ್

ಸಂತೋಷ. ಅಮ್ಮ ಸಾಂತಾಣಿ ಕೊಟ್ಟರಾ?

ಕಾಪು ಲೈಟ್‌ಹೌಸ್

ಡಬ್ಬಿ ತುಂಬ ಕೊಟ್ಟಿದ್ದಾರೆ ಟೀಚರೇ. ತಿಂದೆ. ಬಲಗಡೆಯಲ್ಲಿ.